ಸಿಡಿಯುವ ಜೋಡಿ ನಕ್ಷತ್ರದ ಎಕ್ಸ್-ರೇ ಹೊಳಪು: ಅಳೆಯುವುದು ಹೇಗೆ, ತಪ್ಪುವುದು ಎಲ್ಲಿ

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಭಾರಿ ಬಲೂನು ಬಂದು ಬಿತ್ತು. ಜತೆಗೆ ಯಂತ್ರಗಳೂ ಇದ್ದವು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹಾರಿಬಿಟ್ಟದ್ದು ಅದು. ಚಾಲುಕ್ಯರ ಕಾಲದ ಗುಡಿಗೆ, ಶಾಸನ ಬರೆಯುವ ಶಿಲಾಬಾಲಿಕೆಗೆ ಹೆಸರಾದ ಊರು ಒಂದೇ ದಿನದಲ್ಲಿ ಆಕಾಶ ವಿಜ್ಞಾನದ ಸುದ್ದಿಗೂ ಬಂತು. ಇಷ್ಟು ಎತ್ತರಕ್ಕೆ ಯಂತ್ರ ಕಳಿಸಿ ಏನು ಅಳೆಯುತ್ತಾರೆ ಎಂಬ ಪ್ರಶ್ನೆ ಆಗ ಬಹಳ ಜನರಲ್ಲಿ ಎದ್ದಿತು. ಆ ಕೇಂದ್ರದ ಬಲೂನುಗಳು ಹಲವು ಬಗೆಯ ಉಪಕರಣ ಹೊತ್ತು ಹೋಗುತ್ತವೆ. ಅವುಗಳಲ್ಲಿ ಹಳೆಯ ಕೆಲಸವೆಂದರೆ ನಕ್ಷತ್ರಗಳ ಎಕ್ಸ್-ರೇ ಅಳತೆ. ಭಾರತದ ಎಕ್ಸ್-ರೇ ಖಗೋಳ ವಿಜ್ಞಾನ 1960ರ ದಶಕದ ಕೊನೆಯಲ್ಲಿ ಹೈದರಾಬಾದಿನ ಬಲೂನುಗಳಿಂದಲೇ ಶುರುವಾಯಿತು.

ಈ ವಿಷಯ ಈಗ ಮುನ್ನೆಲೆಗೆ ಬರಲು ಇನ್ನೊಂದು ಕಾರಣ ಟಿ ಕೊರೋನೆ ಬೊರಿಯಾಲಿಸ್ ಎಂಬ ಜೋಡಿ ನಕ್ಷತ್ರ. 1866ರಲ್ಲಿ ಸಿಡಿದಿತ್ತು, 1946ರಲ್ಲಿ ಮತ್ತೆ ಸಿಡಿಯಿತು. ಎಂಬತ್ತು ವರ್ಷದ ಲೆಕ್ಕ ಹಿಡಿದರೆ ಮುಂದಿನ ಸರದಿ ನಮ್ಮ ಕಾಲದ್ದೇ. ಸಿಡಿದಾಗ ಬರಿಗಣ್ಣಿಗೇ ಕಾಣುತ್ತದೆ. ಆದರೆ ಅದರ ಒಳಗೆ ನಡೆಯುವುದು ತಿಳಿಯಬೇಕಾದರೆ ಎಕ್ಸ್-ರೇ ಹೊಳಪನ್ನು ಅಳೆಯಬೇಕು. "ಸೂರ್ಯನಿಗಿಂತ ಇಷ್ಟು ಸಾವಿರ ಪಟ್ಟು" ಎಂದು ಸುದ್ದಿಯಲ್ಲಿ ಬರುವ ಅಂಕಿಯನ್ನು ಯಾವ ಮೀಟರೂ ನೇರವಾಗಿ ತೋರಿಸುವುದಿಲ್ಲ. ಒಂದೊಂದೇ ಕಣ ಎಣಿಸಿ, ಕಳೆಯಬೇಕಾದ್ದನ್ನು ಕಳೆದು, ಸೇರಿಸಬೇಕಾದ್ದನ್ನು ಸೇರಿಸಿ ಅದನ್ನು ಕಟ್ಟುತ್ತಾರೆ.

## ಯಾವ ಜೋಡಿ ಸಿಡಿಯುತ್ತದೆ, ಏಕೆ

ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿದ್ದರೆ ಅದು ಜೋಡಿ ನಕ್ಷತ್ರ. ಅವುಗಳಲ್ಲಿ ಒಂದು ಆಯುಸ್ಸು ಮುಗಿದು ಗಟ್ಟಿಯಾಗಿ ಕುಗ್ಗಿದ್ದು, ಇನ್ನೊಂದು ಸಾಧಾರಣ ನಕ್ಷತ್ರವಾಗಿದ್ದರೆ ಗಟ್ಟಿ ನಕ್ಷತ್ರ ಪಕ್ಕದ್ದರ ಅನಿಲವನ್ನು ಎಳೆದುಕೊಳ್ಳುತ್ತದೆ. ಆ ಅನಿಲ ಹಲವು ಜೋಡಿಗಳಲ್ಲಿ ತಟ್ಟೆಯ ಆಕಾರದಲ್ಲಿ ಸುತ್ತುತ್ತ ಒಳಕ್ಕೆ ಇಳಿಯುತ್ತದೆ.

ಗಟ್ಟಿ ನಕ್ಷತ್ರ ಮೂರು ಬಗೆಯದ್ದಾಗಿರಬಹುದು. ಸೂರ್ಯನಷ್ಟು ತೂಕವನ್ನು ಭೂಮಿಯಷ್ಟು ಗಾತ್ರದಲ್ಲಿ ಅದುಮಿದ್ದು ಶ್ವೇತಕುಬ್ಜ. ಅದಕ್ಕಿಂತ ಹೆಚ್ಚು ತೂಕವನ್ನು ಒಂದು ನಗರದ ಅಗಲಕ್ಕೆ ಅದುಮಿದ್ದು ನ್ಯೂಟ್ರಾನ್ ನಕ್ಷತ್ರ. ಮೂರನೆಯದು ಕಪ್ಪುರಂಧ್ರ.

ಶ್ವೇತಕುಬ್ಜದ ಮೈಮೇಲೆ ಬಿದ್ದ ಹೈಡ್ರೋಜನ್ ವರ್ಷಾನುಗಟ್ಟಲೆ ಪದರವಾಗಿ ಕೂಡುತ್ತ ಹೋಗಿ, ಅಡಿಯ ಒತ್ತಡ, ಕಾವು ಮಿತಿ ಮೀರಿದಾಗ ಇಡೀ ಪದರ ಒಮ್ಮೆಲೇ ಪರಮಾಣು ಬೆಸುಗೆಯ ಕ್ರಿಯೆಯಲ್ಲಿ ಉರಿದು ಸಿಡಿಯುತ್ತದೆ. ಇದಕ್ಕೆ ನೋವಾ ಎನ್ನುತ್ತಾರೆ. ನಕ್ಷತ್ರ ನಾಶವಾಗುವುದಿಲ್ಲ, ಮೇಲಿನ ಪದರ ಮಾತ್ರ ಹಾರಿಹೋಗುತ್ತದೆ. ಮತ್ತೆ ಅನಿಲ ಕೂಡಲು ಶುರು. ಸಾಮಾನ್ಯವಾಗಿ ಸಾವಿರಾರು ವರ್ಷ ಬೇಕಾಗುವ ಈ ಸುತ್ತು ಕೆಲವು ಭಾರದ ಶ್ವೇತಕುಬ್ಜಗಳಲ್ಲಿ ಮನುಷ್ಯನ ಆಯುಸ್ಸಿನೊಳಗೇ ಮುಗಿಯುತ್ತದೆ. ಟಿ ಕೊರೋನೆ ಅಂಥದ್ದು. ಅಲ್ಲಿ ಶ್ವೇತಕುಬ್ಜಕ್ಕೆ ಜೋಡಿಯಾಗಿರುವುದು ಉಬ್ಬಿದ ಕೆಂಪು ದೈತ್ಯ. ಎರಡೂ ಸುಮಾರು 227 ದಿನಕ್ಕೊಮ್ಮೆ ಸುತ್ತು ಮುಗಿಸುತ್ತವೆ. ಇದೇ ಬಳಗದ ಇನ್ನೊಂದು ಜೋಡಿ ಆರ್‌ಎಸ್ ಒಫಿಯುಕಿ, ಅದು 1985, 2006 ಮತ್ತು 2021ರಲ್ಲಿ ಸಿಡಿದಿದೆ.

ಗಟ್ಟಿ ನಕ್ಷತ್ರ ಕಪ್ಪುರಂಧ್ರವಾಗಿದ್ದರೆ ಉರಿಯಲು ಮೈಯೇ ಇಲ್ಲ. ಅಲ್ಲಿ ಅನಿಲದ ತಟ್ಟೆಯೇ ಅಸ್ಥಿರವಾಗಿ, ವರ್ಷಗಳಿಂದ ತಡೆದು ನಿಂತ ಸಾಮಗ್ರಿ ಒಮ್ಮೆಲೇ ಒಳಕ್ಕೆ ಸುರಿಯುತ್ತದೆ. ವಿ404 ಸಿಗ್ನಿ 26 ವರ್ಷ ತಣ್ಣಗಿದ್ದು 2015ರ ಜೂನ್‌ನಲ್ಲಿ ಹೀಗೆ ಎದ್ದು, ಕೆಲವು ದಿನ ಆಕಾಶದ ಅತಿ ಪ್ರಖರ ಎಕ್ಸ್-ರೇ ಮೂಲಗಳ ಸಾಲಿಗೆ ಸೇರಿತು. ಹೊರಗಿನಿಂದ ಎರಡೂ ಸ್ಫೋಟವೇ, ಕಾರಣ ಬೇರೆ ಬೇರೆ. ಯಾವುದು ಯಾವುದೆಂದು ಗುರುತಿಸಲು ಎಕ್ಸ್-ರೇ ಹೊಳಪು ಏರಿ ಇಳಿಯುವ ರೀತಿ ಬಲವಾದ ಸಾಕ್ಷಿ.

## ಎಕ್ಸ್-ರೇ ಏಕೆ, ಮೇಲಕ್ಕೇ ಹೋಗಬೇಕು ಏಕೆ

ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ. ಕಣ್ಣಿಗೆ ಕಾಣುವ ಫೋಟಾನಿನ ಶಕ್ತಿ ಎರಡು-ಮೂರು ಎಲೆಕ್ಟ್ರಾನ್ ವೋಲ್ಟ್. ಎಕ್ಸ್-ರೇ ಫೋಟಾನಿನದ್ದು ಅದರ ನೂರಾರು, ಸಾವಿರಾರು ಪಟ್ಟು. ಹಾಗಾಗಿ ಸಾವಿರ ಎಲೆಕ್ಟ್ರಾನ್ ವೋಲ್ಟನ್ನು ಒಂದು ಕೆಇವಿ ಎಂದು ಎಣಿಸುತ್ತಾರೆ. ಕಾವಿನ ಲೆಕ್ಕದಲ್ಲಿ 1 ಕೆಇವಿ ಎಂದರೆ ಸುಮಾರು 1 ಕೋಟಿ 16 ಲಕ್ಷ ಡಿಗ್ರಿ. ಅಷ್ಟು ಕಾದ ಅನಿಲ ಎಲ್ಲಿದೆ, ಎಷ್ಟಿದೆ ಎಂಬುದನ್ನು ಎಕ್ಸ್-ರೇ ಮಾತ್ರ ನೇರವಾಗಿ ಹೇಳುತ್ತದೆ. 1 ಕೆಇವಿಯ ಆಸುಪಾಸು ಮತ್ತು ಅದಕ್ಕೂ ಕೆಳಗಿನದನ್ನು ಮೃದು ಎಕ್ಸ್-ರೇ ಎಂದೂ, 10 ಕೆಇವಿ ದಾಟಿದ್ದನ್ನು ಗಡಸು ಎಕ್ಸ್-ರೇ ಎಂದೂ ಕರೆಯುವುದು ರೂಢಿ.

ನಮ್ಮ ವಾತಾವರಣ ಇವನ್ನು ನೆಲಕ್ಕೆ ಬಿಡುವುದಿಲ್ಲ. 30ರಿಂದ 40 ಕಿ.ಮೀ. ಎತ್ತರಕ್ಕೇರುವ ಬಲೂನಿಗೆ ಸುಮಾರು 20 ಕೆಇವಿ ಮೇಲಿನ ಗಡಸು ಎಕ್ಸ್-ರೇ ಮಾತ್ರ ಸಿಗುತ್ತದೆ. ಮೃದು ಎಕ್ಸ್-ರೇ ಬೇಕಿದ್ದರೆ ಉಪಗ್ರಹವೇ ಬೇಕು. ಭಾರತದ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು 650 ಕಿ.ಮೀ. ಎತ್ತರದ ಕಕ್ಷೆಗೆ ಏರಿತು. ಅದರಲ್ಲಿ ಮೃದು ಎಕ್ಸ್-ರೇ ದೂರದರ್ಶಕವೂ, 3ರಿಂದ 80 ಕೆಇವಿ ತನಕ ಎಣಿಸುವ ದೊಡ್ಡ ಅನಿಲ ಪೆಟ್ಟಿಗೆಗಳೂ ಇವೆ. 2024ರ ಜನವರಿ 1ರಂದು ಹಾರಿದ ಭಾರತದ ಇನ್ನೊಂದು ಎಕ್ಸ್-ರೇ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದೆ.

## ಎಣಿಕೆ

ಎಕ್ಸ್-ರೇ ಉಪಕರಣ ಕೊಡುವುದು ಒಂದು ಪಟ್ಟಿ. ಪ್ರತಿ ಸಾಲಿಗೂ ಒಂದು ಫೋಟಾನ್: ಬಂದ ಹೊತ್ತು, ಬಿದ್ದ ಜಾಗ, ಅಂದಾಜು ಶಕ್ತಿ. ಈ ಪಟ್ಟಿಯಿಂದಲೇ ಎಲ್ಲ ಕೆಲಸ ಶುರು.

ಮೊದಲು ಕೆಟ್ಟ ಹೊತ್ತನ್ನು ತೆಗೆದುಹಾಕುತ್ತಾರೆ. ಉಪಗ್ರಹ ಸುತ್ತುವಾಗ ಭೂಮಿ ಅಡ್ಡ ಬಂದ ನಿಮಿಷಗಳು, ದಕ್ಷಿಣ ಅಟ್ಲಾಂಟಿಕ್ ಮೇಲೆ ವಿದ್ಯುತ್ ಕಣಗಳು ದಟ್ಟವಾಗಿರುವ ಭಾಗವನ್ನು ದಾಟಿದ ನಿಮಿಷಗಳು, ದೂರದರ್ಶಕ ಇನ್ನೂ ತಿರುಗುತ್ತಿದ್ದ ಹೊತ್ತು, ಇವೆಲ್ಲ ಹೋಗುತ್ತವೆ. ಆಸ್ಟ್ರೋಸ್ಯಾಟ್ ಕಕ್ಷೆಯನ್ನು ಸಮಭಾಜಕಕ್ಕೆ ಬರೇ 6 ಡಿಗ್ರಿ ಓರೆಯಲ್ಲಿ ಇಟ್ಟಿದ್ದಕ್ಕೆ ಒಂದು ಮುಖ್ಯ ಕಾರಣ ಆ ಕೆಟ್ಟ ಭಾಗದ ಅಂಚಿನಲ್ಲಷ್ಟೇ ಹಾಯ್ದು ಹೋಗಲಿ ಎಂಬುದು.

ನಂತರ ಹಿನ್ನೆಲೆ ಕಳೆಯಬೇಕು. ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ತೂಗಿದಾಗ ಚೀಲದ ತೂಕ ಕಳೆದೇ ಲೆಕ್ಕ ಬರೆಯುವಂತೆ, ಇಲ್ಲೂ ನಕ್ಷತ್ರದ್ದಲ್ಲದ ಎಣಿಕೆಯನ್ನು ತೆಗೆಯದೆ ಮುಂದೆ ಹೋಗುವಂತಿಲ್ಲ. ಆಕಾಶದ ಎಲ್ಲ ದಿಕ್ಕಿನಿಂದಲೂ ಮಂದ ಎಕ್ಸ್-ರೇ ಬರುತ್ತಲೇ ಇರುತ್ತದೆ, ವಿದ್ಯುತ್ ಕಣಗಳೂ ಫೋಟಾನಿನ ವೇಷದಲ್ಲಿ ದಾಖಲಾಗುತ್ತವೆ.

ನಾವೇ ಹಾಕಿಕೊಂಡ ಅಂಕಿಗಳಲ್ಲಿ ಒಂದು ಲೆಕ್ಕ ನೋಡೋಣ. ಉಪಕರಣ ಮಾತ್ರ ನಿಜದ್ದು: 2004ರಿಂದ ಕಕ್ಷೆಯಲ್ಲಿರುವ ಸ್ವಿಫ್ಟ್ ಉಪಗ್ರಹದ ಎಕ್ಸ್-ರೇ ದೂರದರ್ಶಕ. 1000 ಸೆಕೆಂಡ್ ನೋಡಿದ್ದೇವೆ. ನಕ್ಷತ್ರದ ಸುತ್ತ ಕ್ಯಾಮೆರಾದ 20 ಚುಕ್ಕಿ (ಪಿಕ್ಸೆಲ್) ತ್ರಿಜ್ಯದ, ಎಂದರೆ 47 ವಿಕಲೆಯ (ಡಿಗ್ರಿಯ 3600ನೇ ಒಂದು ಪಾಲು ಒಂದು ವಿಕಲೆ) ವೃತ್ತ ಎಳೆದರೆ ಒಳಗೆ 560 ಫೋಟಾನ್. ಪಕ್ಕದ ಖಾಲಿ ಆಕಾಶದಲ್ಲಿ ಇದರ ನಾಲ್ಕು ಪಟ್ಟು ವಿಸ್ತಾರದಲ್ಲಿ 160 ಫೋಟಾನ್. ಆ ಲೆಕ್ಕಕ್ಕೆ ನಮ್ಮ ವೃತ್ತದೊಳಗಿನ ಹಿನ್ನೆಲೆ 40. ಉಳಿದದ್ದು 520, ಸೆಕೆಂಡಿಗೆ 0.52.

ಈ ಅಂಕಿ ಎಷ್ಟು ಗಟ್ಟಿ? ಫೋಟಾನುಗಳು ಹೇಳಿಕೇಳಿ ಬರುವುದಿಲ್ಲ, ಒಂದೇ ಹೊಳಪಿನ ನಕ್ಷತ್ರದಿಂದಲೂ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಎಣಿಕೆಯ ವರ್ಗಮೂಲವೇ ಅದರ ಅನಿಶ್ಚಿತತೆ. 560ಕ್ಕೆ, ಹಿನ್ನೆಲೆಯ ಪಾಲು 160ನ್ನು 16ರಿಂದ ಭಾಗಿಸಿ ಬರುವ 10 ಸೇರಿಸಿದರೆ 570. ಅದರ ವರ್ಗಮೂಲ ಸುಮಾರು 24. ಹಾಗಾಗಿ 520ಕ್ಕೆ 24ರಷ್ಟು ಆಚೀಚೆ. ದೂರದರ್ಶಕದ ಕನ್ನಡಿ ಎಲ್ಲ ಬೆಳಕನ್ನೂ ಒಂದೇ ಚುಕ್ಕಿಗೆ ಕೂಡಿಸುವುದಿಲ್ಲ, ಆ ವೃತ್ತದೊಳಗೆ ಬೀಳುವುದು ನೂರಕ್ಕೆ 90ರಷ್ಟು. 0.52ನ್ನು 0.9ರಿಂದ ಭಾಗಿಸಿದರೆ ಸೆಕೆಂಡಿಗೆ 0.58, ಆಚೀಚೆ 0.03. ಒಂದೇ ರಾತ್ರಿಯಲ್ಲಿ 0.58 ಇದ್ದದ್ದು 0.60 ಆದರೆ ನಕ್ಷತ್ರ ಬೆಳಗಿತು ಎಂದು ಹೇಳಲು ಬರುವುದಿಲ್ಲ.

## ಹೆಚ್ಚು ಬೆಳಕು ಬಂದರೆ ಎಣಿಕೆ ಕೆಡುತ್ತದೆ

ಮಂದ ನಕ್ಷತ್ರಕ್ಕೆ ಹಿನ್ನೆಲೆಯ ತೊಂದರೆ, ಪ್ರಖರ ನಕ್ಷತ್ರಕ್ಕೆ ಇದಕ್ಕಿಂತ ದೊಡ್ಡ ತೊಂದರೆ. ಸ್ಫೋಟಗಳ ಅಳತೆಯಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ.

ಸ್ವಿಫ್ಟ್‌ನ ಎಕ್ಸ್-ರೇ ಕ್ಯಾಮೆರಾ ಚಿತ್ರ ತೆಗೆಯುವ ವಿಧಾನದಲ್ಲಿ ಪ್ರತಿ 2.5 ಸೆಕೆಂಡಿಗೆ ಒಮ್ಮೆ ಓದುತ್ತದೆ. ಆ ಅವಧಿಯಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಅದಕ್ಕೆ ಎರಡು ಎಂದು ತಿಳಿಯುವುದಿಲ್ಲ. ತಲಾ 1 ಕೆಇವಿಯ ಎರಡು ಫೋಟಾನನ್ನು 2 ಕೆಇವಿಯ ಒಂದು ಎಂದು ಬರೆದುಕೊಳ್ಳುತ್ತದೆ. ಎಣಿಕೆ ಕಡಿಮೆಯಾಯಿತು, ಶಕ್ತಿ ಸುಳ್ಳಾಯಿತು. ನಕ್ಷತ್ರ ಇದ್ದದ್ದಕ್ಕಿಂತ ಮಂದವಾಗಿಯೂ ಗಡಸಾಗಿಯೂ ಕಾಣುತ್ತದೆ. ಸೆಕೆಂಡಿಗೆ 0.5ರಷ್ಟು ದಾಟಿದರೆ ಈ ಪೇರಿಕೆ ಗಮನಿಸಲೇಬೇಕು. ಮೇಲಿನ ನಮ್ಮ ಉದಾಹರಣೆಯೇ ಆ ಗಡಿಯನ್ನು ಮುಟ್ಟಿದೆ.

ಪರಿಹಾರ ಎರಡು. ಕ್ಯಾಮೆರಾವನ್ನು ಚಿತ್ರ ಬಿಟ್ಟು ಒಂದೇ ಗೆರೆಯಾಗಿ ಓದುವ ವಿಧಾನಕ್ಕೆ ಹಾಕಿದರೆ 2 ಮಿಲಿಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಓದುತ್ತದೆ, ಸೆಕೆಂಡಿಗೆ ನೂರರ ತನಕ ನಿಭಾಯಿಸುತ್ತದೆ. ಅದೂ ಸಾಲದಿದ್ದರೆ ನಕ್ಷತ್ರದ ನಡುಭಾಗದ ಎಣಿಕೆಯನ್ನು ಪೂರ್ತಿ ಬಿಟ್ಟು, ಸುತ್ತಲಿನ ಬಳೆಯಾಕಾರದಲ್ಲಿ ಬಿದ್ದದ್ದನ್ನಷ್ಟೇ ಎಣಿಸಿ, ಕನ್ನಡಿ ಬೆಳಕನ್ನು ಹರಡುವ ರೀತಿ ಗೊತ್ತಿರುವುದರಿಂದ ಪೂರ್ಣ ಹೊಳಪನ್ನು ಲೆಕ್ಕ ಹಾಕುತ್ತಾರೆ. ಹೆಚ್ಚಿನ ಫೋಟಾನುಗಳನ್ನು ಬಿಸಾಡಿದಂತೆ ಅನ್ನಿಸಬಹುದು, ಆದರೆ ಕೆಟ್ಟ ಸಾವಿರ ಎಣಿಕೆಗಿಂತ ಶುದ್ಧವಾದ ನೂರು ಮೇಲು.

ಆಸ್ಟ್ರೋಸ್ಯಾಟ್‌ನ ಅನಿಲ ಪೆಟ್ಟಿಗೆಗಳಲ್ಲಿ ಕ್ಸೆನಾನ್ ತುಂಬಿದ್ದಾರೆ. ಅಲ್ಲಿ ತೊಂದರೆ ಬೇರೆ. ಒಂದು ಫೋಟಾನ್ ದಾಖಲಾದ ಮೇಲೆ ಸುಮಾರು 42 ಮೈಕ್ರೊಸೆಕೆಂಡ್ ಪೆಟ್ಟಿಗೆ ಮುಂದಿನದ್ದನ್ನು ಗಮನಿಸುವುದಿಲ್ಲ. ಸೆಕೆಂಡಿಗೆ 1000 ದಾಖಲಾಗಿದ್ದರೆ ಈ ಸತ್ತ ಹೊತ್ತಿನ ಮೊತ್ತ 0.042 ಸೆಕೆಂಡ್, 1000ನ್ನು 0.958ರಿಂದ ಭಾಗಿಸಿದರೆ ನಿಜವಾದ ಎಣಿಕೆ ಸುಮಾರು 1044. ಅದೇ 10,000 ದಾಖಲಾಗಿದ್ದರೆ 0.58ರಿಂದ ಭಾಗಿಸಬೇಕು, ನಿಜ ಎಣಿಕೆ 17,000 ದಾಟುತ್ತದೆ. ತಿದ್ದದೆ ಬಿಟ್ಟರೆ ಸ್ಫೋಟದ ಶಿಖರವೇ ಚಪ್ಪಟೆಯಾಗಿ ಕಾಣುತ್ತದೆ.

ನೋವಾಗಳಿಗೆ ವಿಶೇಷವಾದ ಇನ್ನೊಂದು ಮೋಸವಿದೆ. ಎಕ್ಸ್-ರೇ ಕ್ಯಾಮೆರಾ ಕಣ್ಣಿಗೆ ಕಾಣುವ ಬೆಳಕಿಗೂ ಸ್ಪಂದಿಸುತ್ತದೆ. ಅದನ್ನು ತಡೆಯಲು ಮುಂದೆ ತೆಳು ಹಾಳೆ ಇರುತ್ತದೆ. ಬರಿಗಣ್ಣಿಗೆ ಕಾಣುವಷ್ಟು ಪ್ರಖರ ನೋವಾ ಎದುರಿದ್ದರೆ ಆ ಹಾಳೆಯನ್ನೂ ದಾಟಿ ಸಾಧಾರಣ ಬೆಳಕಿನ ಹಲವಾರು ಫೋಟಾನ್ ಒಂದೇ ಚುಕ್ಕಿಯಲ್ಲಿ ಕೂಡಿ ಮೃದು ಎಕ್ಸ್-ರೇಯಂತೆ ದಾಖಲಾಗುತ್ತವೆ. ಟಿ ಕೊರೋನೆ ಶಿಖರ ಮುಟ್ಟಿದಾಗ ಎರಡನೇ ಪರಿಮಾಣದಷ್ಟು ಬೆಳಗುತ್ತದೆ (ಪರಿಮಾಣ ನಕ್ಷತ್ರದ ಹೊಳಪಿನ ಅಳತೆ, ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು). ಆ ದಿನಗಳ ಮೃದು ಎಕ್ಸ್-ರೇ ಅಂಕಿಯನ್ನು ಈ ತಪಾಸಣೆ ಆಗುವ ತನಕ ನಂಬಬಾರದು.

## ಎಣಿಕೆಯಿಂದ ಹೊಳಪಿಗೆ

ಸೆಕೆಂಡಿಗೆ ಇಷ್ಟು ಎಣಿಕೆ ಎಂಬುದು ಉಪಕರಣದ ಮಾತು. ಸ್ವಿಫ್ಟ್‌ನ 0.58ಕ್ಕೂ ಆಸ್ಟ್ರೋಸ್ಯಾಟ್‌ನ 0.58ಕ್ಕೂ ಸಂಬಂಧವಿಲ್ಲ. ಸ್ವಿಫ್ಟ್ ದೂರದರ್ಶಕ 1.5 ಕೆಇವಿಯ ಫೋಟಾನಿಗೆ ಸುಮಾರು 110 ಚದರ ಸೆಂ.ಮೀ. ಕಿಟಕಿ ಇದ್ದಂತೆ ಕೆಲಸ ಮಾಡಿದರೆ, 8 ಕೆಇವಿಗೆ ಅದೇ ಕಿಟಕಿ 20ರ ಸುಮಾರಿಗೆ ಕಿರಿದಾಗುತ್ತದೆ. ಹಾಗಾಗಿ ಫೋಟಾನುಗಳ ಶಕ್ತಿಯ ಹಂಚಿಕೆ ತಿಳಿಯದೆ ಎಣಿಕೆಯನ್ನು ಹೊಳಪಿಗೆ ತಿರುಗಿಸಲು ಆಗುವುದಿಲ್ಲ. ಇಂಥ ಕಾವಿನ ಅನಿಲ ಇಷ್ಟಿದ್ದರೆ ಈ ಉಪಕರಣದಲ್ಲಿ ಎಣಿಕೆ ಹೇಗೆ ಬೀಳುತ್ತಿತ್ತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ನಿಜವಾಗಿ ಬಿದ್ದದ್ದರ ಜತೆ ಹೋಲಿಸಿ, ಹೊಂದುವ ತನಕ ಕಾವು, ಪ್ರಮಾಣ ಬದಲಿಸುತ್ತ ಹೋಗುತ್ತಾರೆ.

ಬೇರೆ ಬೇರೆ ಉಪಕರಣಗಳನ್ನು ಒಂದೇ ಅಳತೆಗೋಲಿಗೆ ತರಲು ಹಿಂದಿನಿಂದ ಬಂದ ರೂಢಿ ಏಡಿ ನಿಹಾರಿಕೆ. 1054ರಲ್ಲಿ ಕಂಡ ಮಹಾಸ್ಫೋಟದ ಅವಶೇಷ ಅದು, ಎಕ್ಸ್-ರೇಯಲ್ಲಿ ಸಾಕಷ್ಟು ಸ್ಥಿರ. ಅದರ ಹೊಳಪು 1 ಕ್ರ್ಯಾಬ್, ಸಾವಿರದಲ್ಲೊಂದು ಪಾಲು ಮಿಲಿಕ್ರ್ಯಾಬ್. 2ರಿಂದ 10 ಕೆಇವಿ ತನಕದ ಶಕ್ತಿಯ ಪಟ್ಟಿಯಲ್ಲಿ 1 ಕ್ರ್ಯಾಬ್ ಎಂದರೆ, ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ 24 ಪಾಲು ಒಂದು ಚದರ ಮೀಟರಿನ ಮೇಲೆ ಬಿದ್ದಷ್ಟು. ನಮ್ಮ ಉದಾಹರಣೆಯ ನಕ್ಷತ್ರದ ಶಕ್ತಿ ಹಂಚಿಕೆ ಏಡಿಯದ್ದರಂತೆಯೇ ಇದ್ದರೆ ಅದು 1 ಮಿಲಿಕ್ರ್ಯಾಬಿಗಿಂತ ಸ್ವಲ್ಪ ಕಡಿಮೆ. 2015ರಲ್ಲಿ ವಿ404 ಸಿಗ್ನಿ ಗಡಸು ಎಕ್ಸ್-ರೇಯಲ್ಲಿ ಹತ್ತಾರು ಕ್ರ್ಯಾಬ್ ಮುಟ್ಟಿತ್ತು. ಏಡಿಯೂ ಪೂರ್ಣ ಸ್ಥಿರವಲ್ಲ: 2008ರಿಂದ 2010ರೊಳಗೆ ನೂರಕ್ಕೆ 7ರಷ್ಟು ಮಂಕಾದದ್ದನ್ನು ಹಲವು ಉಪಗ್ರಹಗಳು ಒಟ್ಟಾಗಿ ಖಚಿತಪಡಿಸಿದವು.

## ದಾರಿಯಲ್ಲಿ ಕಳೆದದ್ದು, ಮತ್ತು ದೂರ

ನಕ್ಷತ್ರಕ್ಕೂ ನಮಗೂ ನಡುವೆ ತೆಳುವಾದ ಅನಿಲವಿದೆ. ಅದು ಮೃದು ಎಕ್ಸ್-ರೇಯನ್ನು ನುಂಗುತ್ತದೆ, ಗಡಸನ್ನು ಹೆಚ್ಚಾಗಿ ಬಿಡುತ್ತದೆ. ನೋಟದ ಗೆರೆಯುದ್ದಕ್ಕೂ ಒಂದು ಚದರ ಸೆಂಟಿಮೀಟರಿನಷ್ಟು ಕೊಳವೆ ಇಟ್ಟರೆ ಅದರೊಳಗೆ 5ರ ಮುಂದೆ 21 ಸೊನ್ನೆ ಬರೆದಷ್ಟು ಹೈಡ್ರೋಜನ್ ಪರಮಾಣು ಇವೆ ಎನ್ನೋಣ. ಆಗ 5 ಕೆಇವಿಯ ನೂರು ಫೋಟಾನಿನಲ್ಲಿ 98 ನಮಗೆ ತಲುಪುತ್ತವೆ, 0.5 ಕೆಇವಿಯ ನೂರರಲ್ಲಿ ಎರಡೋ ಮೂರೋ. ಈ ಅನಿಲದ ಅಂದಾಜಿನಲ್ಲಿ ನೂರಕ್ಕೆ 20 ತಪ್ಪಿದರೆ, 0.5 ಕೆಇವಿಯಲ್ಲಿ ತಿದ್ದಿ ಹೇಳುವ ಹೊಳಪು ಎರಡು ಪಟ್ಟು ಆಚೀಚೆ ಹೋಗುತ್ತದೆ. ಮೃದು ಎಕ್ಸ್-ರೇಯ ನೋವಾ ಹೊಳಪಿನ ಅಂಕಿಗಳು ಒಂದು ಲೇಖನದಿಂದ ಇನ್ನೊಂದಕ್ಕೆ ಬಹಳ ಬೇರೆಯಾಗಿರುವುದಕ್ಕೆ ಇದೇ ದೊಡ್ಡ ಕಾರಣ. ಅಂಕಿ ಕೊಟ್ಟವರು ನುಂಗಿದ್ದನ್ನು ಸೇರಿಸಿ ಹೇಳಿದ್ದಾರೋ, ತಲುಪಿದ್ದನ್ನಷ್ಟೇ ಹೇಳಿದ್ದಾರೋ ಎಂದು ಮೊದಲು ನೋಡಬೇಕು.

ಕೊನೆಗೆ ದೂರ. ದೂರ ದುಪ್ಪಟ್ಟಾದರೆ ಅದೇ ಹೊಳಪಿಗೆ ನಕ್ಷತ್ರ ನಾಲ್ಕು ಪಟ್ಟು ಶಕ್ತಿ ಸೂಸುತ್ತಿರಬೇಕು. ಟಿ ಕೊರೋನೆ ಸುಮಾರು 3,000 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಂದ 1 ಮಿಲಿಕ್ರ್ಯಾಬ್ ಕಾಣಬೇಕಾದರೆ ಎಕ್ಸ್-ರೇಯಲ್ಲೇ ಸೂರ್ಯನ ಒಟ್ಟು ಬೆಳಕಿನ 0.6ರಷ್ಟು ಹೊರಬೀಳುತ್ತಿರಬೇಕು. ಆರ್‌ಎಸ್ ಒಫಿಯುಕಿಯ ದೂರ ಬಹುಕಾಲ ವಿವಾದದಲ್ಲಿತ್ತು: ಹಳೆಯ ಅಂದಾಜು 5,200 ಜ್ಯೋತಿರ್ವರ್ಷದ ಸುಮಾರು, ಈಚಿನವು 8,000 ದಾಟುತ್ತವೆ. 8,500 ಎಂದು ಹಿಡಿದರೆ ಅದೇ ಎಣಿಕೆಯಿಂದ ಬರುವ ಶಕ್ತಿ 2.7 ಪಟ್ಟು ಹೆಚ್ಚು. ಉಪಕರಣ ಎಷ್ಟೇ ನಿಖರವಿರಲಿ, ಈ ಅನುಮಾನ ಅದರಿಂದ ಬಗೆಹರಿಯುವುದಿಲ್ಲ.

## ಸ್ಫೋಟದಲ್ಲಿ ಏನು ಯಾವಾಗ

ಬೆಸುಗೆ ಶುರುವಾದ ಕೂಡಲೇ, ಹೊರಪದರ ಹಿಗ್ಗುವ ಮೊದಲು, ಕೆಲವೇ ಗಂಟೆ ಮೃದು ಎಕ್ಸ್-ರೇ ಮಿಂಚುತ್ತದೆ ಎಂದು ಸಿದ್ಧಾಂತ ಬಹಳ ಹಿಂದೆಯೇ ಹೇಳಿತ್ತು. ಕಂಡದ್ದು 2020ರ ಜುಲೈ 7ರಂದು. ಜರ್ಮನಿಯ ಇರೋಸಿಟಾ ದೂರದರ್ಶಕ ಆಕಾಶವನ್ನು ನಾಲ್ಕು ಗಂಟೆಗೊಮ್ಮೆ ಸುತ್ತಿ ನೋಡುತ್ತಿದ್ದಾಗ ವೈಝಡ್ ರೆಟಿಕ್ಯುಲಿ ನೋವಾದ ಜಾಗದಲ್ಲಿ ಒಂದೇ ಒಂದು ಸುತ್ತಿನಲ್ಲಿ ಪ್ರಖರ ಮಿಂಚು ದಾಖಲಾಯಿತು. ನಾಲ್ಕು ಗಂಟೆ ಹಿಂದಿನ ಸುತ್ತಿನಲ್ಲಿ ಇಲ್ಲ, ನಂತರದ ಸುತ್ತಿನಲ್ಲೂ ಇಲ್ಲ. ಬೆಳಕು ಎಷ್ಟಿತ್ತೆಂದರೆ ಮೇಲೆ ಹೇಳಿದ ಪೇರಿಕೆಯಿಂದ ನಡುಭಾಗ ಕೆಟ್ಟಿತ್ತು, ಅದನ್ನು ತಿದ್ದಿ ಲೆಕ್ಕ ಹಾಕಿದಾಗ ಮೈಯ ಕಾವು 3 ಲಕ್ಷ ಡಿಗ್ರಿ ಮೀರಿದ್ದು ತಿಳಿಯಿತು.

ಮಿಂಚಿನ ನಂತರ ಹಾರಿದ ಪದರ ದಟ್ಟ ಮೋಡವಾಗಿ ಶ್ವೇತಕುಬ್ಜವನ್ನು ಮುಚ್ಚುತ್ತದೆ. ಕಣ್ಣಿಗೆ ಕಾಣುವ ಬೆಳಕು ಏರುವುದು ಆಗ. ಜೋಡಿ ಕೆಂಪು ದೈತ್ಯವಾಗಿದ್ದರೆ ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದ ಪದರ ಆ ದೈತ್ಯದ ಗಾಳಿಗೆ ಬಡಿದು ಅನಿಲ ಕೋಟ್ಯಂತರ ಡಿಗ್ರಿ ಕಾಯುತ್ತದೆ, ಮೊದಲ ದಿನಗಳಲ್ಲೇ ಗಡಸು ಎಕ್ಸ್-ರೇ ಬರುತ್ತದೆ. ಮೋಡ ತೆಳುವಾದ ಮೇಲೆ ಒಳಗೆ ಇನ್ನೂ ಉರಿಯುತ್ತಿರುವ ಶ್ವೇತಕುಬ್ಜದ ಮೈ ಕಾಣತೊಡಗಿ ಮೃದು ಎಕ್ಸ್-ರೇ ದಿಢೀರನೆ ಏರುತ್ತದೆ. 2006ರಲ್ಲಿ ಆರ್‌ಎಸ್ ಒಫಿಯುಕಿಯಲ್ಲಿ ಇದು ಸ್ಫೋಟವಾಗಿ ಸುಮಾರು ತಿಂಗಳಿಗೆ ಶುರುವಾಗಿ ಮೂರು ತಿಂಗಳ ಹೊತ್ತಿಗೆ ಆರಿತು. ಆರಿದ ದಿನವೆಂದರೆ ಉರುವಲು ಮುಗಿದ ದಿನ. ಅದರಿಂದ ಶ್ವೇತಕುಬ್ಜದ ತೂಕವನ್ನು ಅಂದಾಜಿಸುತ್ತಾರೆ.

ಸಿಡಿಯುವ ಮುಂಚೆಯೂ ಯಾವ ಕೆಇವಿ ಪಟ್ಟಿ ಎಂಬುದು ಮುಖ್ಯ. ಟಿ ಕೊರೋನೆ ಕಳೆದ ದಶಕದಲ್ಲಿ ಹೆಚ್ಚು ಚಟುವಟಿಕೆಯ ಸ್ಥಿತಿಗೆ ಹೋದಾಗ ಅದರ ಗಡಸು ಎಕ್ಸ್-ರೇ ಕುಗ್ಗಿತು, ಮೃದು ಭಾಗ ಹೆಚ್ಚಿತು. ಯಾವ ಪಟ್ಟಿ ಎಂದು ಹೇಳದೆ "ಎಕ್ಸ್-ರೇ ಹೆಚ್ಚಿತು" ಎಂದೋ "ಕಡಿಮೆಯಾಯಿತು" ಎಂದೋ ಬರೆದರೆ ಎರಡೂ ಅರ್ಧ ಸತ್ಯ.

## ನಮ್ಮ ಭಾಗದಿಂದ ನೋಡುವವರಿಗೆ

ಟಿ ಕೊರೋನೆ ಕಲಬುರಗಿ, ಬೀದರ್, ಯಾದಗಿರಿಯ ನೆತ್ತಿಯಿಂದ ಹತ್ತು ಡಿಗ್ರಿಯೊಳಗೆ ಉತ್ತರಕ್ಕೆ ಹಾಯುತ್ತದೆ. ಮಾರ್ಚ್ ನಡುವಿನಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಪೂರ್ವ-ಈಶಾನ್ಯದಲ್ಲಿ ಮೂಡುತ್ತದೆ, ಮೇ ಕೊನೆಯ ವಾರಗಳಲ್ಲಿ ನಡುರಾತ್ರಿಯ ಹೊತ್ತಿಗೆ ತಲೆಯ ಮೇಲೆ. ಸ್ವಾತಿಯಿಂದ ಅಭಿಜಿತ್ ಕಡೆಗೆ ಕಣ್ಣು ಹಾಯಿಸಿದರೆ ಮೊದಲ ಮೂರನೇ ಒಂದು ಪಾಲಿನ ಸುಮಾರಿಗೆ ಅರೆಬಳೆಯಂಥ ಸಾಲು ಸಿಗುತ್ತದೆ, ಅದೇ ಉತ್ತರ ಕಿರೀಟ. ಅದರ ಅತಿ ಪ್ರಖರ ನಕ್ಷತ್ರದಷ್ಟೇ ಹೊಳಪಿನ ಇನ್ನೊಂದು ಬಳೆಯ ಪೂರ್ವ ತುದಿಯ ಬಳಿ ಕಂಡರೆ ನೋವಾ ಎದ್ದಿದೆ ಎಂದರ್ಥ. ಆ ಹೊಳಪು ಕೆಲವೇ ದಿನ. ಸಿಡಿಯದಿದ್ದಾಗ ಹತ್ತನೇ ಪರಿಮಾಣ, ಬೈನಾಕ್ಯುಲರ್ ಇದ್ದರೂ ಚಿಂಚೋಳಿ ಕಾಡಿನಂಥ ಕತ್ತಲು ಬೇಕು.

ಎಕ್ಸ್-ರೇ ಅಳತೆಗೆ ಬೇಕಾದ ದತ್ತಾಂಶ ಹಣ ಕೊಡದೆ ಸಿಗುತ್ತದೆ. ಸ್ವಿಫ್ಟ್‌ನದ್ದು ಬಹುಬೇಗ ಸಾರ್ವಜನಿಕವಾಗುತ್ತದೆ. ಆಸ್ಟ್ರೋಸ್ಯಾಟ್‌ನದ್ದು ವೀಕ್ಷಣೆ ಮಾಡಿಸಿದವರಿಗಷ್ಟೇ ಕಾಯ್ದಿರಿಸಿದ ಅವಧಿ ಮುಗಿದ ಮೇಲೆ ಇಸ್ರೋದ ಬ್ಯಾಲಾಳು ದತ್ತಾಂಶ ಕೇಂದ್ರದ ಮೂಲಕ ದೊರೆಯುತ್ತದೆ. ನಾಸಾದ ಹೀಸಾಫ್ಟ್ ತಂತ್ರಾಂಶವೂ ಉಚಿತ, ಲಿನಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಭೌತಶಾಸ್ತ್ರ ಓದುವವರು 2021ರ ಆರ್‌ಎಸ್ ಒಫಿಯುಕಿಯ ಸ್ವಿಫ್ಟ್ ಕಡತಗಳಿಂದ ಶುರು ಮಾಡಬಹುದು. ಕಡತ ತೆರೆದಾಗ ಮೊದಲು ಸೆಕೆಂಡಿಗೆ ಎಷ್ಟು ಎಣಿಕೆ ಎಂದು ನೋಡಿ, ಚಿತ್ರ ವಿಧಾನದಲ್ಲಿ 0.5 ದಾಟಿದ್ದರೆ ನಡುಭಾಗವನ್ನು ಬಿಟ್ಟೇ ಮುಂದುವರಿಯಿರಿ. ಒಂದೊಂದು ಶಕ್ತಿ ಗುಂಪಿನಲ್ಲಿ ಕನಿಷ್ಠ 20 ಎಣಿಕೆ ಬರುವಂತೆ ಕೂಡಿಸಿಕೊಳ್ಳಿ, ಅದಕ್ಕಿಂತ ಕಡಿಮೆಯಿದ್ದರೆ ವರ್ಗಮೂಲದ ಲೆಕ್ಕ ಸರಿಯಾಗಿ ಕೂರುವುದಿಲ್ಲ. ಫಲಿತಾಂಶ ಬರೆಯುವಾಗ ಅಂಕಿಯ ಪಕ್ಕದಲ್ಲೇ ಕೆಇವಿ ಪಟ್ಟಿ, ಹಿಡಿದ ದೂರ, ನಡುವಿನ ಅನಿಲದ ಪ್ರಮಾಣ ಮೂರನ್ನೂ ಬರೆಯಿರಿ.